ಉಷ್ಣವಲಯದ ದ್ವೀಪಗಳ ಉದ್ದಗಾಲಿನ ನೊಣಗಳು: ಉಪಕುಟುಂಬ ಗುರುತಿಸುವ ಸಮಗ್ರ ಮಾರ್ಗದರ್ಶಿ

‘ಇದು ಡಾಲಿಕೊಪೊಡಿಡೇ, ಅಂದರೆ ಉದ್ದಗಾಲಿನ ನೊಣಗಳ ಕುಟುಂಬದ್ದು’ ಎನ್ನುವವರೆಗೆ ಹೆಚ್ಚಿನವರು ಸರಿಯಾಗಿಯೇ ಬರುತ್ತಾರೆ. ಎಡವುವುದು ಅಲ್ಲಿಂದ ಮುಂದೆ, ಉಪಕುಟುಂಬ ಹೇಳುವಾಗ. ಎಲೆಯ ಮೇಲೆ ಹಸಿರಾಗಿ ಹೊಳೆದರೆ ಸೈಯಾಪೊಡಿನೇ, ಮರದ ಕಾಂಡದ ಮೇಲೆ ಕೂತಿದ್ದರೆ ಮೆಡೆಟೆರಿನೇ, ನೀರಿನ ಮೇಲೆ ಓಡಾಡಿದರೆ ಹೈಡ್ರೊಫೋರಿನೇ ಎಂದು ಬಣ್ಣ ಮತ್ತು ಜಾಗ ನೋಡಿ ಹೆಸರು ಅಂಟಿಸಿಬಿಡುತ್ತಾರೆ. ಭೂಖಂಡದ ಮೇಲೆ ಈ ಅಂದಾಜು ಎಷ್ಟೋ ಸಲ ಹೊಂದಿಕೊಳ್ಳುತ್ತದೆ. ದ್ವೀಪದಲ್ಲಿ ಹೊಂದುವುದಿಲ್ಲ. ಸಮುದ್ರ ದಾಟಿ ಬಂದ ಒಂದೆರಡು ವಂಶಗಳೇ ಅಲ್ಲಿ ಖಾಲಿಯಿದ್ದ ಎಲ್ಲ ನೆಲೆಗಳಿಗೂ ಹರಡಿಕೊಂಡಿರುತ್ತವೆ. ಹವಾಯಿಯ ಕ್ಯಾಂಪ್ಸಿಕ್ನೆಮಸ್ ಕುಲವನ್ನೇ ನೋಡಿ: 150ಕ್ಕೂ ಹೆಚ್ಚು ಪ್ರಭೇದಗಳು. ಕೆಲವು ತೊರೆಯ ನೀರಿನ ಮೇಲೆ ಜಾರಾಡುತ್ತವೆ, ಕೆಲವು ತರಗೆಲೆಯ ಕೆಳಗಿವೆ, ಕೆಲವು ಮರಗಿಡಗಳ ಮೇಲಿವೆ. ಎಲ್ಲವೂ ಸಿಂಪಿಕ್ನಿನೇ.

ಆದ್ದರಿಂದ ಇಲ್ಲಿ ಹೇಳುವ ಕ್ರಮವನ್ನು ಮುರಿಯಬೇಡಿ. ಮೊದಲು ನೆತ್ತಿ, ಆಮೇಲೆ ರೆಕ್ಕೆ, ಬೆನ್ನು, ಹಿಂಗಾಲು, ಮುಖ, ಕೊನೆಗೆ ಗಂಡಿನ ಬಾಲತುದಿ. ನೊಣ ಎಲ್ಲಿ ಸಿಕ್ಕಿತು ಎಂಬುದು ಇವೆಲ್ಲ ಮುಗಿದ ಮೇಲೆ ಕೇಳುವ ಪ್ರಶ್ನೆ. ಬಣ್ಣದ ಪ್ರಶ್ನೆ ಅದಕ್ಕೂ ಆಮೇಲೆ.

## ಮೇಜಿನ ಮೇಲೆ ಇರಬೇಕಾದವು

ಕನಿಷ್ಠ 50 ಪಟ್ಟು, ಸಾಧ್ಯವಾದರೆ 80 ಪಟ್ಟು ಹಿಗ್ಗಿಸುವ ಸ್ಟೀರಿಯೊ ಸೂಕ್ಷ್ಮದರ್ಶಕ ಬೇಕು. ಈ ಕುಟುಂಬದಲ್ಲಿ 1 ಮಿ.ಮೀ. ಉದ್ದದ ನೊಣಗಳೂ ಇವೆ. 10 ಪಟ್ಟಿನ ಕೈಮಸೂರದಿಂದ ನೆತ್ತಿಯ ಗುಂಡಿಯನ್ನಷ್ಟೇ ನೋಡಬಹುದು, ಕಾಲಿನ ಬಿರುಗೂದಲು ಎಣಿಸಲಾಗದು.

ಬೆಳಕಿಗೆ ಎರಡು ಎಲ್‌ಇಡಿ ದೀಪಗಳು, ಎರಡರ ಮುಂದೆಯೂ ಟ್ರೇಸಿಂಗ್ ಕಾಗದ. ಬೆಳಕನ್ನು ನೇರವಾಗಿ ಬಿಟ್ಟರೆ ಲೋಹದ ಹೊಳಪಿನ ಮೈ ಪ್ರತಿಫಲಿಸಿ ಬಿರುಗೂದಲುಗಳೆಲ್ಲ ಮಾಯವಾಗುತ್ತವೆ. ‘ಕೂದಲೇ ಇಲ್ಲ’ ಎಂದು ಬರೆದುಕೊಳ್ಳುವವರಲ್ಲಿ ಅರ್ಧದಷ್ಟು ಜನರ ತೊಂದರೆ ದೀಪದ್ದು, ನೊಣದ್ದಲ್ಲ.

ಇವುಗಳ ಜೊತೆಗೆ ಮೊನಚು ತುದಿಯ ಎರಡು ಚಿಮುಟಗಳು, ಕಡ್ಡಿಗೆ ಸಿಕ್ಕಿಸಿದ ಅತಿ ಸಣ್ಣ ಕೀಟಸೂಜಿಗಳು, 70–80 ಶೇಕಡಾ ಎಥನಾಲ್, ಗ್ಲಿಸರಿನ್, 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಸ್ವಲ್ಪ ವಿನೆಗರ್, ಗುಳಿಯಿರುವ ಗಾಜಿನ ಸ್ಲೈಡು, ಒಂದು ಬಿಳಿ ಮತ್ತು ಒಂದು ಕಪ್ಪು ಕಾರ್ಡು. ತೊಳೆದು ಸೋಸಿದ ನುಣುಪು ಮರಳನ್ನು ಗಾಜಿನ ಬಟ್ಟಲಿನಲ್ಲಿ ಅರ್ಧ ಸೆಂ.ಮೀ. ಹರಡಿ ಮೇಲೆ ಎಥನಾಲ್ ತುಂಬಿಡಿ. ನೊಣವನ್ನು ಮರಳಿನಲ್ಲಿ ಬೇಕಾದ ಕೋನಕ್ಕೆ ನಿಲ್ಲಿಸಬಹುದು. ಇದಿಲ್ಲದೆ ಮುಖವನ್ನು ನೇರವಾಗಿ ಎದುರಿನಿಂದ ನೋಡುವುದು ಕಷ್ಟ.

## ಹಂತ 1: ನೆಲೆಗಳನ್ನು ಬೆರೆಸದೆ ಹಿಡಿಯಿರಿ

ಮೊದಲು ಅನುಮತಿ. ಭಾರತದಲ್ಲಿ ಸಂರಕ್ಷಿತ ಪ್ರದೇಶವಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅಂಡಮಾನ್ ಮತ್ತು ನಿಕೋಬಾರಿನಲ್ಲಿ ಬುಡಕಟ್ಟು ಮೀಸಲು ಪ್ರದೇಶಗಳಿಗೆ ಕಾಲಿಡುವುದಕ್ಕೇ ಬೇರೆ ನಿಯಮಗಳಿವೆ. ಮಾದರಿಗಳನ್ನು ಹೊರದೇಶದ ತಜ್ಞರಿಗೆ ಕಳಿಸುವ ಯೋಚನೆಯಿದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯನ್ನು ಹಿಡಿಯುವ ಮೊದಲೇ ಓದಿಕೊಳ್ಳಿ, ಆಮೇಲಲ್ಲ.

ಹಳದಿ ಪ್ಲಾಸ್ಟಿಕ್ ಬೋಗುಣಿಗಳಿಗೆ ಈ ನೊಣಗಳು ಚೆನ್ನಾಗಿ ಬೀಳುತ್ತವೆ. 12–15 ಸೆಂ.ಮೀ. ಅಗಲದ ಬೋಗುಣಿಯಲ್ಲಿ 2–3 ಸೆಂ.ಮೀ. ನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಮೂರು ಹನಿ. ಸೋಪು ಹೆಚ್ಚಾದರೆ ನೊರೆ ಬಂದು ನೊಣಗಳು ಮುಳುಗುವುದಿಲ್ಲ. ತೊರೆಯ ದಂಡೆ, ಕಾಡಿನ ನೆಲ, ಕಡಲತೀರದಲ್ಲಿ ಉಬ್ಬರದ ಗೆರೆಗಿಂತ ಸ್ವಲ್ಪ ಮೇಲೆ, ಹೀಗೆ ಒಂದೊಂದು ನೆಲೆಗೂ ಬೇರೆ ಸಾಲು ಇಡಿ. ದ್ವೀಪದ ಸೆಖೆಗೆ ನೀರಿನಲ್ಲಿ ಬಿದ್ದ ನೊಣ ಒಂದು ದಿನ ದಾಟಿದರೆ ಕೊಳೆಯಲು ತೊಡಗುತ್ತದೆ, ಮೊದಲು ಉದುರುವುದೇ ಕಾಲು. ಆದ್ದರಿಂದ ದಿನಾ ಸಂಜೆ ಸೋಸಿ ಎಥನಾಲಿಗೆ ಹಾಕಿ.

ಎಲೆಗಳ ಮೇಲಿನವಕ್ಕೆ ಬೀಸುಬಲೆ ಸಾಕು. ಅಲೆ ಬಡಿಯುವ ಬಂಡೆಯ ಮೇಲೆ ಓಡುವವಕ್ಕೆ ಬಲೆ ಕೆಲಸಕ್ಕೆ ಬಾರದು. ಉಸಿರಿನಿಂದ ಎಳೆದುಕೊಳ್ಳುವ ಕೊಳವೆ ಬೇಕು, ಅದರ ಬಾಯಿಗೆ ದಪ್ಪ ಜಾಲರಿಯಿರಲಿ. ಒಂದು ನೆಲೆಗೆ ಒಂದು ಸೀಸೆ. ಡಿಎನ್‌ಎ ಕೆಲಸದ ಉದ್ದೇಶವಿದ್ದರೆ ಆ ಸೀಸೆಗೆ 95 ಶೇಕಡಾ ಎಥನಾಲ್ ಬಳಸಿ, ಆದರೆ ಅದರಲ್ಲಿ ಕಾಲುಗಳು ಪೆಡಸಾಗಿ ಮುಟ್ಟಿದರೆ ಮುರಿಯುತ್ತವೆ. ಗುರುತಿಸುವುದಕ್ಕೆ ಇನ್ನೊಂದಿಷ್ಟು ಮಾದರಿಗಳನ್ನು 70–80 ಶೇಕಡಾದಲ್ಲಿ ಬೇರೆಯಾಗಿಯೇ ಇಡಿ.

## ಹಂತ 2: ಒಣಗಿಸುವ ಮೊದಲು ಯೋಚಿಸಿ

ಎಥನಾಲಿನಿಂದ ತೆಗೆದ ನೊಣವನ್ನು ಹಾಗೇ ಗಾಳಿಗೆ ಒಣಗಲು ಬಿಟ್ಟರೆ ಕಣ್ಣು ಕುಸಿಯುತ್ತದೆ, ಹಣೆ ಒಳಗೆ ಎಳೆದುಕೊಳ್ಳುತ್ತದೆ. ಮುಂದೆ ನೋಡಬೇಕಾದ ಮೊದಲ ಲಕ್ಷಣವೇ ನೆತ್ತಿಯ ಗುಂಡಿ. ಹೀಗೆ ಕುಸಿದ ತಲೆ ಯಾವ ನೊಣವನ್ನಾದರೂ ಸೈಯಾಪೊಡಿನೇ ಎಂದು ತೋರಿಸಬಲ್ಲದು.

ಸರಿಯಾದ ದಾರಿ ಇದು. ಮಾದರಿಯನ್ನು 95 ಶೇಕಡಾ ಅಥವಾ ಅದಕ್ಕಿಂತ ಶುದ್ಧ ಎಥನಾಲಿಗೆ ಬದಲಾಯಿಸಿ ಕೆಲವು ಗಂಟೆ ಇಡಿ, ಬಳಿಕ ಈಥೈಲ್ ಅಸಿಟೇಟ್ ಅಥವಾ ಹೆಕ್ಸಾಮೀಥೈಲ್‌ಡೈಸಿಲಜೇನ್‌ನಲ್ಲಿ ಮುಳುಗಿಸಿ, ಕೊನೆಗೆ ಹೀರುಕಾಗದದ ಮೇಲೆ ಒಣಗಿಸಿ. ಎರಡೂ ಬೇಗ ಹೊತ್ತಿಕೊಳ್ಳುವ ದ್ರವಗಳು, ಅವುಗಳ ಆವಿ ಒಳ್ಳೆಯದಲ್ಲ. ಕಿಟಕಿ ತೆರೆದ ಕೋಣೆಯಲ್ಲಿ, ಕೈಗವಸು ತೊಟ್ಟು ಮಾಡಿ. ಒಣಗಿದ ನೊಣವನ್ನು ತ್ರಿಕೋನ ಕಾರ್ಡಿನ ತುದಿಗೆ ಅಂಟಿಸುವಾಗ ಎದೆಭಾಗದ ಬಲಮಗ್ಗುಲಿಗೆ ಮಾತ್ರ ಅಂಟು ಮುಟ್ಟಲಿ. ಎಡಮಗ್ಗುಲು ಪೂರ್ತಿ ಕಾಣುತ್ತಿರಬೇಕು.

ಎಲ್ಲವನ್ನೂ ಒಣಗಿಸಬೇಡಿ. ಒದ್ದೆ ಮಾದರಿಯಲ್ಲಿ ಕಾಲು, ಬಾಲತುದಿ ಚೆನ್ನಾಗಿ ಕಾಣುತ್ತವೆ. ಮೈಮೇಲಿನ ಬೂದು ಅಥವಾ ಬೆಳ್ಳಿಯ ಧೂಳುಪದರ ಕಾಣುವುದು ಒಣಗಿದ ಮೇಲೆಯೇ. ಒಂದೇ ಪ್ರಭೇದದಂತೆ ಕಾಣುವ ನಾಲ್ಕು ನೊಣಗಳಿದ್ದರೆ ಎರಡನ್ನು ಒಣಗಿಸಿ, ಎರಡನ್ನು ಒದ್ದೆಯಾಗಿಡಿ.

## ಹಂತ 3: ಕುಟುಂಬ ನಿಜವೇ ಎಂದು ಮತ್ತೊಮ್ಮೆ ನೋಡಿ

ಇದನ್ನು ಬಿಟ್ಟು ಮುಂದೆ ಹೋಗುವವರು ಬಹಳ. ರೆಕ್ಕೆಯ ಕೆಳಗೆ ಬಿಳಿ ಕಾರ್ಡು ಹಿಡಿದು ಎರಡು ವಿಷಯ ನೋಡಿ. ಮೊದಲನೆಯದು, ರೇಡಿಯಲ್ ನಾಳದಿಂದ ಕವಲೊಡೆಯುವ ಆರ್‌ಎಸ್ ನಾಳ ರೆಕ್ಕೆಯ ಬುಡದಲ್ಲೇ, ಭುಜದ ಅಡ್ಡನಾಳದ ನೇರಕ್ಕೆ ಅಥವಾ ಅದರ ತೀರ ಹತ್ತಿರ ಹುಟ್ಟಬೇಕು. ಎರಡನೆಯದು, ಎರಡನೇ ಬುಡಕೋಶ ಮತ್ತು ಡಿಸ್ಕಲ್ ಕೋಶಗಳ (ಕೋಶ ಎಂದರೆ ನಾಳಗಳು ಸುತ್ತುವರಿದ ರೆಕ್ಕೆಯ ಭಾಗ) ನಡುವೆ ಅಡ್ಡನಾಳವಿಲ್ಲದೆ ಅವೆರಡೂ ಒಂದೇ ಉದ್ದ ಕೋಶವಾಗಿರಬೇಕು.

ಹತ್ತಿರದ ಕುಟುಂಬಗಳಾದ ಹೈಬೊಟಿಡೇ, ಎಂಪಿಡಿಡೇ ನೊಣಗಳಲ್ಲಿ ಆರ್‌ಎಸ್ ಬುಡದಿಂದ ದೂರದಲ್ಲಿ ಹುಟ್ಟುತ್ತದೆ. ಅವು ಇಲ್ಲಿಗೇ ಕಳಚಿಕೊಳ್ಳುತ್ತವೆ. ಕಡಲತೀರದಲ್ಲಿ ಹೆಚ್ಚು ಕಾಡುವುದು ಎಫಿಡ್ರಿಡೇ, ಅಂದರೆ ತೀರದ ನೊಣಗಳು. ಅವುಗಳಲ್ಲೂ ಆ ಎರಡು ಕೋಶಗಳು ಕೂಡಿಕೊಂಡಿರುತ್ತವೆ. ಆದರೆ ಅವುಗಳ ರೆಕ್ಕೆಯಂಚಿನ ಕೋಸ್ಟಾ ನಾಳದಲ್ಲಿ ಎರಡು ಸ್ಪಷ್ಟ ಕಡಿತಗಳಿರುತ್ತವೆ, ಸಾಮಾನ್ಯವಾಗಿ ಮುಖ ಉಬ್ಬಿ ಬಾಯಿ ದೊಡ್ಡದಾಗಿರುತ್ತದೆ, ಗಂಡಿನ ಬಾಲತುದಿ ಹೊಟ್ಟೆಯಡಿಗೆ ಮುಂದಕ್ಕೆ ಮಡಚಿಕೊಂಡಿರುವುದಿಲ್ಲ.

ಒಂದು ಅಪವಾದ ನೆನಪಿರಲಿ. ಮರಳ ದಂಡೆಯ ಅತಿ ಸಣ್ಣ ಪ್ಯಾರಾತಲಾಸಿನೇ ನೊಣಗಳಲ್ಲಿ ಡಿಸ್ಕಲ್ ಕೋಶವನ್ನು ಬುಡಕೋಶದಿಂದ ಬೇರ್ಪಡಿಸುವ ಅಡ್ಡನಾಳ ಉಳಿದಿದೆ. ಇವನ್ನು ವಿಶಾಲ ಅರ್ಥದ ಡಾಲಿಕೊಪೊಡಿಡೇ ಒಳಗೆ ಸೇರಿಸುವವರಿದ್ದಾರೆ, ಹೊರಗಿಡುವವರೂ ಇದ್ದಾರೆ. ಸಿಕ್ಕರೆ ಬೇರೆ ಸೀಸೆಗೆ ಹಾಕಿ, ಈ ಮಾರ್ಗದರ್ಶಿಯ ಮುಂದಿನ ಹಂತಗಳನ್ನು ಅವಕ್ಕೆ ಅನ್ವಯಿಸಬೇಡಿ.

## ಹಂತ 4: ಗಂಡೋ ಹೆಣ್ಣೋ, ಚೀಟಿಯಲ್ಲಿ ಬರೆಯಿರಿ

ಗಂಡಿನ ಹೊಟ್ಟೆಯ ತುದಿಯಲ್ಲಿ ಹೈಪೊಪಿಜಿಯಂ ಎಂಬ ಜನನಾಂಗ ಭಾಗವಿದೆ. ಅದು ಗಡ್ಡೆಯಂತೆ ಮುಂದಕ್ಕೆ ಮಡಚಿಕೊಂಡಿರಬಹುದು, ಇಲ್ಲವೇ ಸಣ್ಣ ಟೋಪಿಯಂತೆ ತುದಿಯಲ್ಲಿ ಕೂತಿರಬಹುದು. ಹೆಣ್ಣಿನ ಹೊಟ್ಟೆ ಚೂಪಾಗಿ ಮುಗಿಯುತ್ತದೆ.

ಇಷ್ಟು ಬೇಗ ಇದನ್ನು ಕೇಳುವುದೇಕೆಂದರೆ ಮುಂದಿನ ಕೆಲವು ಲಕ್ಷಣಗಳು ಗಂಡಿಗೆ ಮಾತ್ರ ಸಲ್ಲುತ್ತವೆ. ಕಣ್ಣುಗಳು ಒಂದಕ್ಕೊಂದು ತಾಗಿರುವುದು, ಕಾಲಿನ ವಿಚಿತ್ರ ಬಾಗು, ಗರಿಯಂಥ ಕುಚ್ಚು, ಕುಡಿಮೀಸೆಯಿಂದ ಚಾಚುವ ಎಳೆಯಾದ ಅರಿಸ್ಟಾದ ಹಿಗ್ಗಿದ ತುದಿ, ಬಾಯಿಬದಿಯ ಬೆಳ್ಳಿಯ ಸ್ಪರ್ಶಕ, ಇವುಗಳಲ್ಲಿ ಹೆಚ್ಚಿನವು ಹೆಣ್ಣಿಗೆ ತೋರಿಸಲು ಬೆಳೆದ ಅಲಂಕಾರಗಳು. ಪ್ರಭೇದ ಹೇಳಲು ಇವು ಬಂಗಾರ, ಉಪಕುಟುಂಬ ಹೇಳಲು ಬಹುಮಟ್ಟಿಗೆ ಬಲೆ. ಎರಡು ದೂರದ ಉಪಕುಟುಂಬಗಳಲ್ಲಿ ಒಂದೇ ಬಗೆಯ ಅಲಂಕಾರ ಸ್ವತಂತ್ರವಾಗಿ ಬಂದಿರುವುದುಂಟು.

## ಹಂತ 5: ನೆತ್ತಿ

ನೊಣವನ್ನು ಮರಳಿನಲ್ಲಿ ನಿಲ್ಲಿಸಿ ತಲೆಯನ್ನು ನೇರ ಎದುರಿನಿಂದ ನೋಡಿ. ಎರಡು ಕಣ್ಣುಗಳ ನಡುವೆ ನೆತ್ತಿ ಆಳವಾಗಿ ತಗ್ಗಿ, ಆ ತಗ್ಗಿನ ಮಧ್ಯೆ ಒಂಟಿಗಣ್ಣುಗಳನ್ನು ಹೊತ್ತ ಸಣ್ಣ ದಿಬ್ಬ ಎದ್ದು ನಿಂತಿದ್ದರೆ ಅದು ಸೈಯಾಪೊಡಿನೇ. ಕಣ್ಣಿನ ಮೇಲಂಚಿನಿಂದ ನೆತ್ತಿ ಕೆಳಗಿಳಿದಿರುವುದು ಸ್ಪಷ್ಟವಾಗಿ ಕಾಣಬೇಕು. ತುಸು ತಗ್ಗಿದೆಯೇನೋ ಎಂಬ ಅನುಮಾನ ಬಂದರೆ ಬಹುಪಾಲು ಅದು ಆ ಗುಂಪಲ್ಲ.

ಬಲ ತುಂಬಲು ರೆಕ್ಕೆಯ ನಡುವೆ ಉದ್ದಕ್ಕೆ ಓಡುವ ಎಂ (ಮೀಡಿಯಲ್) ನಾಳ ನೋಡಿ. ಈ ಗುಂಪಿನಲ್ಲಿ ಅದು ಡಿಸ್ಕಲ್ ಕೋಶ ದಾಟಿದ ಮೇಲೆ ಕವಲೊಡೆಯುತ್ತದೆ: ಎಂ 1 ಮುಂದಕ್ಕೆ ತೀವ್ರವಾಗಿ ಬಾಗಿ ತನ್ನ ಮುಂದಿನ ರೇಡಿಯಲ್ ಕವಲಾದ ಆರ್ 4+5ರ ಕಡೆಗೆ ಹೋಗುತ್ತದೆ, ಎಂ 2 ಮಸುಕಾಗಿ ಅಂಚಿನತ್ತ ಸಾಗುತ್ತದೆ. ಕ್ರೈಸೊಸೊಮ, ಆಂಬ್ಲಿಪ್ಸಿಲೋಪಸ್, ಕಾಂಡಿಲೊಸ್ಟೈಲಸ್, ಪೆಸಿಫಿಕ್‌ನ ಕ್ರಕಟಾವಿಯ, ಎಲ್ಲವೂ ಇಲ್ಲಿಗೆ ಬರುತ್ತವೆ.

ಎರಡು ಬಲೆಗಳಿವೆ. ಮೆಸೊರ್‍ಹಾಗ ಕುಲದಲ್ಲಿ ಎಂ 2 ಇಲ್ಲ, ಕವಲು ಇಲ್ಲವೆಂದು ಅದನ್ನು ಕೈಬಿಡಬೇಡಿ, ನೆತ್ತಿಯೇ ತೀರ್ಪು. ತಿರುಗುಮುರುಗಾಗಿ ಲಿಖ್ಟ್‌ವಾರ್ಟಿಯ ಕುಲದಲ್ಲಿ ಎಂ ನಾಳ ಕೋನವಾಗಿ ಮುರಿದು, ಆ ಮೂಲೆಯಲ್ಲಿ ಎಂ 2ರ ಮೋಟು ಚಾಚಿಕೊಂಡಿರುತ್ತದೆ. ನೋಡಿದ ಕೂಡಲೇ ಸೈಯಾಪೊಡಿನೇ ಅನ್ನಿಸುತ್ತದೆ. ಆದರೆ ನೆತ್ತಿ ತಗ್ಗಿಲ್ಲ, ಅರಿಸ್ಟಾದ ತುಂಬ ರೋಮ. ಅದು ಡಾಲಿಕೊಪೊಡಿನೇ. ಆಫ್ರಿಕ, ಏಷ್ಯ, ಆಸ್ಟ್ರೇಲಿಯಗಳ ಕಡೆಯ ದ್ವೀಪಗಳಲ್ಲಿ ಕೆಲಸ ಮಾಡುವವರು ಈ ಒಂದು ಕುಲವನ್ನು ಮೊದಲೇ ಪರಿಚಯ ಮಾಡಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಅಭ್ಯಾಸಕ್ಕೆ ದ್ವೀಪಕ್ಕೇ ಹೋಗಬೇಕಿಲ್ಲ. ಕರ್ನಾಟಕದ ಯಾವುದೇ ಹಿತ್ತಲಲ್ಲಿ ಕೆಸುವಿನೆಲೆ, ಅರಿಸಿನದೆಲೆ ಮೇಲೆ ಬಿಸಿಲಿಗೆ ಚುರುಕಾಗಿ ಓಡಾಡುವ ಹಸಿರು ನೊಣಗಳು ಹೆಚ್ಚಾಗಿ ಈ ಉಪಕುಟುಂಬದವೇ. ಐದಾರು ಹಿಡಿದು ನೆತ್ತಿ ನೋಡಿಟ್ಟುಕೊಂಡರೆ ‘ಆಳವಾದ ತಗ್ಗು’ ಎಂದರೆ ಎಷ್ಟು ಎಂಬುದು ಕಣ್ಣಿಗೆ ಕೂರುತ್ತದೆ.

## ಹಂತ 6: ರೆಕ್ಕೆಯ ಉಳಿದ ಸುಳಿವುಗಳು

ನೆತ್ತಿ ತಗ್ಗಿಲ್ಲದ ಮಾದರಿಗಳು ಈಗ ನಿಮ್ಮ ಮುಂದಿವೆ. ಅವುಗಳ ರೆಕ್ಕೆಯನ್ನು ಮತ್ತೆ ನೋಡಿ, ಆದರೆ ರೆಕ್ಕೆಯೊಂದರ ಮೇಲೆಯೇ ಉಪಕುಟುಂಬ ನಿರ್ಧರಿಸಬೇಡಿ. ಇಲ್ಲಿ ಸಿಗುವುದು ಸುಳಿವು ಮಾತ್ರ.

ಕೋಸ್ಟಾ ನಾಳ ಎಲ್ಲಿ ನಿಲ್ಲುತ್ತದೆ ಎಂಬುದು ಒಳ್ಳೆಯ ಸುಳಿವು. ಸಾಮಾನ್ಯವಾಗಿ ಅದು ಎಂ ನಾಳದ ತುದಿಯವರೆಗೆ ಓಡುತ್ತದೆ. ಆರ್ 4+5ರ ಹತ್ತಿರವೇ ನಿಂತು, ಎಂ ನಾಳವೂ ನಡುವೆ ತುಂಡಾದಂತೆ ಮಸುಕಾಗಿದ್ದರೆ ಡಯಾಫೊರಿನೇಯ ಅಸಿಂಡೆಟಸ್ ನೆನಪಾಗಲಿ. ಮರಳ ದಂಡೆಯ ಬೋಗುಣಿಗಳಲ್ಲಿ ಇದು ಬೀಳುತ್ತದೆ.

ಆರ್ 4+5 ಮತ್ತು ಎಂ ತುದಿಯತ್ತ ಒಂದನ್ನೊಂದು ಸಮೀಪಿಸಿದರೆ ಮೆಡೆಟೆರ, ನ್ಯೂರಿಗೋನ, ಪ್ಯಾರಾಕ್ಲಿಯಸ್‌ನಂಥ ಡಾಲಿಕೊಪೊಡಿನೇ, ಮೂರೂ ಸಾಧ್ಯ. ಸಮಾನಾಂತರವಾಗಿದ್ದರೆ ಕ್ರೈಸೋಟಸ್, ಥ್ರಿಪ್ಟಿಕಸ್, ಸಿಂಪಿಕ್ನಸ್, ಹೀಗೆ ಇನ್ನೊಂದು ಪಟ್ಟಿ. ಅಮೆರಿಕದ ಉಷ್ಣವಲಯದಲ್ಲಿ ಡಿಸ್ಕಲ್ ಕೋಶದ ತುದಿಯ ಅಡ್ಡನಾಳ ತೀರ ಓರೆಯಾಗಿದ್ದರೆ ಪ್ಲೇಜಿಯೊನ್ಯೂರಿನೇ ಎಂಬ ಒಂಟಿ ಉಪಕುಟುಂಬವನ್ನು ಗಮನಿಸಿ. ಅದನ್ನು ಹಿಂದೂ ಮಹಾಸಾಗರದಲ್ಲಿ ಹುಡುಕಬೇಡಿ.

ರೆಕ್ಕೆಯೇ ಪಟ್ಟಿಯಂತೆ ಕುಗ್ಗಿದ್ದರೆ? ಹವಾಯಿಯ ಕೆಲವು ಕ್ಯಾಂಪ್ಸಿಕ್ನೆಮಸ್ ಸಂಬಂಧಿಗಳು ಹಾರುವುದನ್ನೇ ಬಿಟ್ಟಿವೆ. ಅಂಥ ಮಾದರಿಯಲ್ಲಿ ಈ ಹಂತವನ್ನು ಪೂರ್ತಿ ಹಾರಿ ಕಾಲು, ಮುಖ, ಬಾಲತುದಿಗಳ ಮೇಲೆ ನಿಲ್ಲಿ. ಮರಿನೊಣ ಎಂದು ಎಸೆಯುವವರಿದ್ದಾರೆ. ನೊಣಗಳಲ್ಲಿ ಮರಿನೊಣ ಎಂಬುದಿಲ್ಲ. ಪ್ಯೂಪಾ ಕೋಶದಿಂದ ಹೊರಬಂದ ನೊಣ ಮತ್ತೆ ಬೆಳೆಯುವುದಿಲ್ಲ.

## ಹಂತ 7: ಬೆನ್ನಿನ ಹಿಂಭಾಗ

ಎದೆಭಾಗವನ್ನು ಮಗ್ಗುಲಿನಿಂದ ನೋಡಿ. ಸ್ಕ್ಯುಟೆಲ್ಲಂ ಎಂಬ ತ್ರಿಕೋನದ ಮುಂದೆ ಬೆನ್ನು ಉಬ್ಬಿಯೇ ಸಾಗುತ್ತದೆಯೋ, ಕತ್ತರಿಸಿ ಸಮತಟ್ಟು ಮಾಡಿದಂತಿದೆಯೋ? ಮಗ್ಗುಲಿನಿಂದ ಕಂಡದ್ದನ್ನು ಮೇಲಿನಿಂದ ಓರೆಬೆಳಕು ಬಿಟ್ಟು ಖಚಿತಪಡಿಸಿ.

ಸಮತಟ್ಟಾಗಿದ್ದರೆ ಮುಖ್ಯ ಆಯ್ಕೆ ಎರಡು. ಬೂದು ಅಥವಾ ಕಡು ಬಣ್ಣದ ಮೈ, ಕಾಲುಗಳಲ್ಲಿ ಗಟ್ಟಿ ಬಿರುಗೂದಲುಗಳಿಲ್ಲ, ಗಂಡಿನ ಹೈಪೊಪಿಜಿಯಂ ದೊಡ್ಡದಾಗಿ ತೊಟ್ಟಿನ ಮೇಲೆ ನಿಂತು ಹೊಟ್ಟೆಯಡಿಗೆ ಮಡಚಿದೆ ಎಂದಾದರೆ ಮೆಡೆಟೆರಿನೇ. ಹಳದಿ ಮೈ, ನೀಳ ಹೊಟ್ಟೆ, ಉದ್ದ ಸಪೂರ ಕಾಲುಗಳಾದರೆ ನ್ಯೂರಿಗೋನಿನೇ. ಎರಡೂ ಮರದ ಕಾಂಡದ ಮೇಲೆ ಸಿಗುತ್ತವೆ. ಜಾಗ ನೋಡಿ ಹೆಸರಿಟ್ಟವರು ತಪ್ಪುವುದು ಹೀಗೇ. ಇಲ್ಲಿ ಬಣ್ಣವನ್ನು ಬಳಸಿದ್ದು ಬೇರೆ ಲಕ್ಷಣಗಳ ಜೊತೆಗೆ ಮಾತ್ರ ಎಂಬುದನ್ನು ಗಮನಿಸಿ.

ಥ್ರಿಪ್ಟಿಕಸ್ ಮೆಡೆಟೆರಿನೇಗೆ ಸೇರಿದರೂ ಸಣ್ಣದು, ಹಸಿರಾಗಿ ಹೊಳೆಯುತ್ತದೆ, ನಾಳಗಳು ಸಮಾನಾಂತರ. ಎಲ್ಲರೂ ಇದನ್ನು ಕ್ರೈಸೋಟಸ್ ಎಂದು ಬರೆಯುತ್ತಾರೆ. ಬಾಲತುದಿ ನೋಡಿದರೆ ಗೊಂದಲ ಮುಗಿಯಿತು. ಥ್ರಿಪ್ಟಿಕಸ್ ಗಂಡಿಗೆ ಹೊರಗೆ ಚಾಚಿದ ಹೈಪೊಪಿಜಿಯಂ, ಹೆಣ್ಣಿಗೆ ಅಲಗಿನಂಥ ಗಟ್ಟಿ ಮೊಟ್ಟೆನಾಳ. ಅದರ ಹುಳು ಬೇಟೆಯಾಡದೆ ಗಿಡದ ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಆ ಅಲಗು ಗಿಡವನ್ನು ಚುಚ್ಚಿ ಮೊಟ್ಟೆಯಿಡಲು. ಜೊಂಡು, ಹುಲ್ಲು, ಅಂತರಗಂಗೆ ಇರುವ ಕೆರೆಯಂಚಿನಲ್ಲಿ ಬಲೆ ಬೀಸಿದ್ದರೆ ಈ ಪರೀಕ್ಷೆಯನ್ನು ಮರೆಯಬೇಡಿ.

## ಹಂತ 8: ಹಿಂಗಾಲಿನ ತೊಡೆ ಮತ್ತು ಕುಡಿಮೀಸೆಯ ಬುಡ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಹಿಂಗಾಲಿನ ಮತ್ತು ನಡುಗಾಲಿನ ತೊಡೆಯ ತುದಿಗೆ ಸ್ವಲ್ಪ ಮುಂಚೆ, ಮುಂಬದಿಯಲ್ಲಿ, ಸುತ್ತಲಿನ ರೋಮಕ್ಕಿಂತ ಎದ್ದು ಕಾಣುವ ಒಂಟಿ ಬಿರುಗೂದಲು ಇದೆಯೇ? ಇದ್ದರೆ ಡಾಲಿಕೊಪೊಡಿನೇ, ಸಿಂಪಿಕ್ನಿನೇ ಅಥವಾ ಪೆಲೊರೊಪಿಯೊಡಿನೇ ಕಡೆಗೆ ನಡೆಯಿರಿ. ಇಲ್ಲದಿದ್ದರೆ ಡಯಾಫೊರಿನೇ, ಹೈಡ್ರೊಫೋರಿನೇ ಕಡೆಗೆ.

ಇಲ್ಲಿ ಆಗುವ ತಪ್ಪುಗಳು ಎರಡು ಬಗೆ. ಕೂದಲು ಉದುರಿದ್ದರೆ ‘ಇಲ್ಲ’ ಎಂದು ಬರೆಯುವುದು ಒಂದು. ಉದುರಿದ ಜಾಗದಲ್ಲಿ ಗುಂಡನೆಯ ಸಣ್ಣ ಕುಳಿ ಉಳಿದಿರುತ್ತದೆ, ಅದನ್ನು 80 ಪಟ್ಟಿನಲ್ಲಿ ಹುಡುಕಿ, ಇನ್ನೊಂದು ಮಗ್ಗುಲಿನ ಕಾಲನ್ನೂ ನೋಡಿ. ಕ್ರೈಸೋಟಸ್ ತೊಡೆಯ ತುದಿಯ ಬಳಿ ಕೆಳಬದಿಯಲ್ಲಿರುವ ರೋಮಗಳ ಸಾಲನ್ನು ನಿಜವಾದ ಒಂಟಿ ಬಿರುಗೂದಲು ಎಂದುಕೊಳ್ಳುವುದು ಇನ್ನೊಂದು. ಸಾಲಾಗಿದ್ದರೆ, ಒಂದೇ ಅಳತೆಯಲ್ಲಿದ್ದರೆ, ಅದು ಲೆಕ್ಕಕ್ಕಿಲ್ಲ.

ಈಗ ಕುಡಿಮೀಸೆಯ ಮೊದಲ ತುಂಡಿನ ಮೇಲ್ಬದಿ. ಅಲ್ಲಿ ಸಣ್ಣ ರೋಮಗಳಿದ್ದು, ತೊಡೆಯ ಬಿರುಗೂದಲೂ ಇದ್ದು, ಗಂಡಿಗೆ ದೊಡ್ಡ ಹೈಪೊಪಿಜಿಯಂ ತೊಟ್ಟಿನ ಮೇಲಿದ್ದರೆ ಡಾಲಿಕೊಪೊಡಿನೇ ಎಂದು ಧೈರ್ಯವಾಗಿ ಬರೆಯಬಹುದು. ಹಿಂಗಾಲಿನ ಪಾದದ (ಟಾರ್ಸಸ್‌ನ) ಮೊದಲ ತುಂಡಿನ ಮೇಲೆ ಗಟ್ಟಿ ಬಿರುಗೂದಲುಗಳಿದ್ದರೆ ಡಾಲಿಕೋಪಸ್ ಕುಲವೇ. ಆದರೆ ಆ ಕುಲ ತಂಪು ಪ್ರದೇಶಗಳದ್ದು, ಉಷ್ಣವಲಯದ ದ್ವೀಪಗಳಲ್ಲಿ ಅಪರೂಪ. ಅಲ್ಲಿ ಈ ಉಪಕುಟುಂಬವನ್ನು ಹೆಚ್ಚಾಗಿ ಪ್ರತಿನಿಧಿಸುವುದು ಪ್ಯಾರಾಕ್ಲಿಯಸ್, ಪೆಲಾಸ್ಟೊನ್ಯೂರಸ್, ಟಕೀಟ್ರೆಕಸ್, ಹರ್ಕೊಸ್ಟೋಮಸ್‌ನಂಥವು.

ಮೊದಲ ತುಂಡು ಮೇಲ್ಬದಿಯಲ್ಲಿ ಬೋಳಾಗಿದ್ದು, ತೊಡೆಯ ಬಿರುಗೂದಲು ಇದ್ದು, ಹೈಪೊಪಿಜಿಯಂ ಸಣ್ಣದಾಗಿ ತುದಿಯಲ್ಲೇ ಅಡಗಿದ್ದರೆ ಸಿಂಪಿಕ್ನಿನೇ ಅಥವಾ ಪೆಲೊರೊಪಿಯೊಡಿನೇ. ಇವೆರಡರ ನಡುವಿನ ಗೆರೆ ತಜ್ಞರಲ್ಲೇ ಅಲುಗಾಡುತ್ತಿದೆ. ಕ್ಯಾಂಪ್ಸಿಕ್ನೆಮಸ್‌ನಂತೆ ಗಂಡಿನ ನಡುಗಾಲು ಸೊಟ್ಟಗಾಗಿ, ಮುಖ ತೀರ ಕಿರಿದಾಗಿದ್ದರೆ ಸಿಂಪಿಕ್ನಿನೇ ಎನ್ನಿ. ಮೈಕ್ರೊಮಾರ್ಫಸ್, ನೇಪಾಲೊಮಯ್ಯಾದಂಥ ಸಣ್ಣವಕ್ಕೆ ಕುಲದ ಮಟ್ಟದ ಕೀಲಿಯನ್ನೇ (ಲಕ್ಷಣಗಳನ್ನು ಒಂದೊಂದಾಗಿ ಆರಿಸುತ್ತಾ ಹೆಸರಿಗೆ ತಲುಪಿಸುವ ಪಟ್ಟಿ) ಬಳಸಿ, ಕುಲ ಗೊತ್ತಾದ ಮೇಲೆ ಉಪಕುಟುಂಬ ಬರೆಯಿರಿ. ಸಣ್ಣ ಗುಂಪುಗಳಿಗೆ ಈ ಹಿಮ್ಮುಖ ದಾರಿಯೇ ಸುರಕ್ಷಿತ.

## ಹಂತ 9: ಉಳಿದವಕ್ಕೆ ಮುಖ ಮತ್ತು ಬಾಲತುದಿ

ತೊಡೆಯ ಬಿರುಗೂದಲು ಇಲ್ಲದವುಗಳ ಮುಖವನ್ನು ಎದುರಿನಿಂದ ನೋಡಿ. ಗಂಡು ಹೆಣ್ಣು ಎರಡರಲ್ಲೂ ಮುಖ ಅಗಲ, ಮುಂಗಾಲಿನ ತೊಡೆಯಡಿ ಮುಳ್ಳಿನಂಥ ಬಿರುಗೂದಲುಗಳು, ಹೈಪೊಪಿಜಿಯಂ ಸಣ್ಣದು ಎಂದಾದರೆ ಹೈಡ್ರೊಫೋರಿನೇ. ಮ್ಯಾಂಗ್ರೋವ್, ಅಂದರೆ ಕರಾವಳಿಯವರ ಕಾಂಡ್ಲಾ ಕಾಡಿನ ಕೆಸರಿನಲ್ಲಿ ತಿನೋಫಿಲಸ್ ಸಿಗುತ್ತದೆ. ಸಿಂಗಪುರದ ಕಾಂಡ್ಲಾದಲ್ಲಿ ಅದರ ಪ್ರಭೇದಗಳು ಹಲವು. ಅಲೆ ಬಡಿಯುವ ಬಂಡೆಯ ಪಾಚಿಯ ಮೇಲೆ ಸೈಮಾಟೋಪಸ್ ಇರುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳಂಥ ಬಂಡೆತೀರಗಳಲ್ಲಿ ಹುಡುಕುವಾಗ ಇಳಿತದ ಹೊತ್ತು ಆರಿಸಿ. ಉಬ್ಬರ ತಿರುಗಿದ ಮೇಲೆ ಜಾರುಬಂಡೆಯ ಮೇಲೆ ನಿಲ್ಲಬೇಡಿ.

ಗಂಡಿನ ಕಣ್ಣುಗಳು ಹಣೆಯ ಮೇಲೆ ತಾಗಿದ್ದರೆ ಡಯಾಫೋರಸ್, ಕುಡಿಮೀಸೆಯ ಕೆಳಗೆ ಮುಖದ ಮೇಲೆ ಬಹುತೇಕ ತಾಗಿದ್ದರೆ ಕ್ರೈಸೋಟಸ್. ಎರಡೂ ಡಯಾಫೊರಿನೇ, ಎರಡರಲ್ಲೂ ಹೈಪೊಪಿಜಿಯಂ ಟೋಪಿಯಂತೆ ಸಣ್ಣದು. ಡಯಾಫೋರಸ್‌ನಲ್ಲಿ ಹೊಟ್ಟೆಯ ತುದಿಯಿಂದ ಗಟ್ಟಿ ಬಿರುಗೂದಲುಗಳು ಚಾಚಿರುತ್ತವೆ. ಕ್ರೈಸೋಟಸ್ ಹೆಣ್ಣಿನ ಮುಖ ಅಗಲ ಎಂಬುದು ನೆನಪಿರಲಿ. ಹಂತ 4ರ ಚೀಟಿ ಇಲ್ಲಿ ಕೆಲಸಕ್ಕೆ ಬರುತ್ತದೆ, ಇಲ್ಲದಿದ್ದರೆ ಆ ಹೆಣ್ಣು ನೇರ ಹೈಡ್ರೊಫೋರಿನೇ ಸೀಸೆಗೆ ಹೋಗುತ್ತದೆ. ಮುಂಗಾಲ ತೊಡೆಯಡಿ ಮುಳ್ಳಿಲ್ಲದ 2 ಮಿ.ಮೀ. ಆಸುಪಾಸಿನ ಹಸಿರು ಹೆಣ್ಣನ್ನು ಜೊತೆಗೆ ಸಿಕ್ಕ ಗಂಡಿನೊಂದಿಗೆ ಹೋಲಿಸದೆ ಹೆಸರಿಸಬೇಡಿ.

ಹೈಪೊಪಿಜಿಯಂ ಸರಿಯಾಗಿ ಕಾಣದಿದ್ದರೆ ಹೊಟ್ಟೆಯ ತುದಿಯನ್ನು ಬೇರ್ಪಡಿಸಿ 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕೋಣೆಯ ಉಷ್ಣತೆಯಲ್ಲಿ ಒಂದು ರಾತ್ರಿ ಇಡಿ. ಅವಸರವಿದ್ದರೆ ಬಿಸಿನೀರಿನ ಬಟ್ಟಲಲ್ಲಿ ಆ ಸೀಸೆಯನ್ನಿಟ್ಟು 10 ನಿಮಿಷಕ್ಕೊಮ್ಮೆ ನೋಡುತ್ತಿರಿ. ಕುದಿಸಬೇಡಿ, ತೆಳು ಭಾಗಗಳು ಕರಗಿ ಬಣ್ಣವೇ ಇಲ್ಲದಂತಾಗುತ್ತವೆ. ನೀರಿನಲ್ಲಿ ತೊಳೆದು, ವಿನೆಗರ್ ಬೆರೆಸಿದ ನೀರಿಗೆ ಒಮ್ಮೆ ಅದ್ದಿ, ಗ್ಲಿಸರಿನ್ ತುಂಬಿದ ಗುಳಿಸ್ಲೈಡಿಗೆ ಹಾಕಿ. ನೋಡಿದ ಮೇಲೆ ಗ್ಲಿಸರಿನ್ ಇರುವ ಪುಟ್ಟ ಕೊಳವೆಯಲ್ಲಿಟ್ಟು ಅದೇ ನೊಣದ ಸೂಜಿಗೆ ಸಿಕ್ಕಿಸಿ. ಈ ದ್ರಾವಣ ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ, ಕನ್ನಡಕ ಹಾಕದೆ ಮುಟ್ಟಬೇಡಿ.

## ಹಂತ 10: ಈಗ ದ್ವೀಪವನ್ನು ಕೇಳಿ

ಸಿಕ್ಕ ಹೆಸರು ಆ ಭೂಭಾಗಕ್ಕೆ ಹೊಂದುತ್ತದೆಯೇ? ಕೆರಿಬಿಯನ್‌ನಲ್ಲಿ 1–1.5 ಮಿ.ಮೀ. ಉದ್ದದ ಎನ್ಲಿನಿಯ ಸಿಗಬಹುದು, ಎನ್ಲಿನಿನೇ ಅಮೆರಿಕಗಳ ಗುಂಪು. ಅದೇ ಹೆಸರು ಸೀಶೆಲ್ಸ್ ಮಾದರಿಗೆ ಬಂದರೆ ಹಂತ 6ಕ್ಕೆ ಹಿಂತಿರುಗಿ. ಉದ್ದ ತ್ರಿಕೋನದ ಕುಡಿಮೀಸೆ ಕಂಡು ರಾಫಿನೇ ಎಂದು ಬರೆದಿದ್ದರೆ ಇನ್ನೊಮ್ಮೆ ಯೋಚಿಸಿ, ಆ ಗುಂಪಿನ ಬಹುಪಾಲು ಉತ್ತರದ ತಂಪು ನಾಡುಗಳದ್ದು. ಕ್ರೈಸೊಸೊಮದ ಕುಡಿಮೀಸೆಯೂ ಚೂಪಾಗಿ ನೀಳವಾಗಿರುತ್ತದೆ.

ಹೊರಗಿನಿಂದ ಬಂದವುಗಳ ಬಗ್ಗೆಯೂ ಎಚ್ಚರ ಬೇಕು. ಅಮೆರಿಕ ಮೂಲದ ಕಾಂಡಿಲೊಸ್ಟೈಲಸ್ ಲಾಂಜಿಕಾರ್ನಿಸ್ ಈಗ ಹವಾಯಿ ಮತ್ತು ಪಾಲಿನೇಷ್ಯದಲ್ಲಿದೆ. ದ್ವೀಪದಲ್ಲಿ ಸಿಕ್ಕಿದ್ದೆಲ್ಲ ಅಲ್ಲಿನದೇ ವಿಶಿಷ್ಟ ಪ್ರಭೇದ ಎಂಬ ಉತ್ಸಾಹಕ್ಕೆ, ಅದರಲ್ಲೂ ಬಂದರು, ಹೋಟೆಲ್ ತೋಟ, ನರ್ಸರಿಗಳ ಸುತ್ತ, ಕಡಿವಾಣ ಹಾಕಿ.

ಯೂರೋಪ್ ಅಥವಾ ಉತ್ತರ ಅಮೆರಿಕಕ್ಕೆ ಬರೆದ ಕೀಲಿಯನ್ನು ದ್ವೀಪದ ನೊಣಕ್ಕೆ ಹಾಕಿದರೆ ಅದು ಸುಮ್ಮನೆ ಕೂರುವುದಿಲ್ಲ, ಏನಾದರೊಂದು ಉತ್ತರ ಕೊಟ್ಟೇ ಕೊಡುತ್ತದೆ. ಅಪಾಯ ಇರುವುದೇ ಅಲ್ಲಿ. ಹವಾಯಿಯ ಯೂರಿನೊಗ್ಯಾಸ್ಟರ್ ಗುಂಪಿನಂಥವನ್ನು ಯಾವ ಉಪಕುಟುಂಬಕ್ಕೆ ಸೇರಿಸಬೇಕೆಂಬುದರಲ್ಲಿ ಗ್ರಂಥದಿಂದ ಗ್ರಂಥಕ್ಕೆ ವ್ಯತ್ಯಾಸವಿದೆ. ಅಂಥ ಕಡೆ ಕುಲದ ಹೆಸರು ಬರೆದು, ಉಪಕುಟುಂಬದ ಸಾಲಿನಲ್ಲಿ ಯಾವ ವರ್ಗೀಕರಣ ಅನುಸರಿಸಿದಿರಿ ಎಂದು ನಮೂದಿಸಿ.

## ಕೈ ತಡೆಯಬೇಕಾದ ಸೂಚನೆಗಳು

ಒಂದೇ ಒಂದು ಲಕ್ಷಣದ ಬಲದ ಮೇಲೆ ಹೆಸರು ನಿಂತಿದ್ದರೆ ನಿಲ್ಲಿ. ಕನಿಷ್ಠ ಮೂರು ಲಕ್ಷಣ, ಅವು ದೇಹದ ಬೇರೆ ಬೇರೆ ಭಾಗಗಳವು, ಒಂದೇ ಕಡೆ ಬೆರಳು ತೋರಿಸಬೇಕು. ಎರಡು ಒಂದು ಕಡೆ, ಒಂದು ಇನ್ನೊಂದು ಕಡೆ ಎಳೆದರೆ ‘ಅನಿಶ್ಚಿತ’ ಎಂದು ಬರೆಯುವುದು ಸೋಲಲ್ಲ. ತಪ್ಪು ಹೆಸರು ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ದಶಕಗಟ್ಟಲೆ ಕೂರುತ್ತದೆ.

ಹೆಣ್ಣು ಮಾತ್ರ ಸಿಕ್ಕಿದ್ದರೆ ಉಪಕುಟುಂಬಕ್ಕೆ ನಿಲ್ಲಿಸಿ, ಮುಂದೆ ಎಳೆಯಬೇಡಿ. ಒಂದೇ ಬೋಗುಣಿಯಲ್ಲಿ ಬಿದ್ದವೆಂಬ ಕಾರಣಕ್ಕೆ ಗಂಡು ಹೆಣ್ಣುಗಳನ್ನು ಜೋಡಿ ಮಾಡುವುದೂ ಬೇಡ. ಎಥನಾಲಿನಲ್ಲಿ ಬಹುಕಾಲ ಇದ್ದ ಮಾದರಿಯ ಹಸಿರು ತಾಮ್ರಕ್ಕೋ ನೀಲಿಗೋ ತಿರುಗಿರಬಹುದು. ಹಳೆಯ ವರ್ಣನೆಯ ಬಣ್ಣಕ್ಕೂ ಅದಕ್ಕೂ ತಾಳೆ ಹಾಕಬೇಡಿ.

ಫೋಟೊ ಕಳಿಸಿ ಹೆಸರು ಕೇಳುವುದಾದರೆ ನಾಲ್ಕು ಕೋನ ಬೇಕು: ಎದುರಿನಿಂದ ಮುಖ ಮತ್ತು ನೆತ್ತಿ, ಬಿಳಿ ಕಾರ್ಡಿನ ಮೇಲೆ ಹರಡಿದ ರೆಕ್ಕೆ, ಎಡಮಗ್ಗುಲಿನಿಂದ ಇಡೀ ಮೈ, ಹಿಂಗಾಲಿನ ತೊಡೆಯ ತುದಿ. ಎಲೆಯ ಮೇಲೆ ಹೊಳೆಯುತ್ತಾ ಕೂತ ಚೆಂದದ ಒಂದು ಚಿತ್ರದಿಂದ ಸೈಯಾಪೊಡಿನೇ ಬಿಟ್ಟರೆ ಬೇರೇನೂ ಹೇಳಲಾಗದು. ಕೆಲವೊಮ್ಮೆ ಅದೂ ಕಷ್ಟ.

ಚೀಟಿಯಲ್ಲಿ ದ್ವೀಪದ ಹೆಸರಷ್ಟೇ ಸಾಲದು. ದ್ವೀಪ, ಜಾಗ, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಹಿಡಿದ ವಿಧಾನ, ನೆಲೆ, ಹಿಡಿದವರ ಹೆಸರು, ಇಷ್ಟೂ ಇರಲಿ. ಎಥನಾಲ್ ಸೀಸೆಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ನಿನ ಶಾಯಿ ಕರಗುತ್ತದೆ. ಉಪಕುಟುಂಬದ ಚೀಟಿ ಬೇರೆಯಾಗಿರಲಿ: ಹೆಸರು, ಗುರುತಿಸಿದವರು, ವರ್ಷ, ತೀರ್ಮಾನಕ್ಕೆ ಆಧಾರವಾದ ಮೂರು ಲಕ್ಷಣಗಳು.